ತಪ್ಪಾಯ್ತು ಮೇಸ್ತ್ರಿ ಮತ್ತು ಏಳನೇ ಷರತ್ತು

ವಿಮೆ ಮಾರುವವಳ ದನಿ ಕೇಳಿದರೆ ಸಾಕು, ಮನೆಯೊಳಗೆ ಇದ್ದವರೂ ಇಲ್ಲವಾಗಿಬಿಡುತ್ತಾರೆ. ಇಪ್ಪತ್ತೆರಡು ವರ್ಷದಿಂದ ಇದೇ ಕೆಲಸ ನನ್ನದು. ಕಿಟಕಿಯ ಪರದೆ ಅಲುಗುತ್ತದೆ, ಟಿವಿಯ ಸದ್ದು ತಗ್ಗುತ್ತದೆ, ಬಾಗಿಲು ಮಾತ್ರ ತೆರೆಯುವುದಿಲ್ಲ. ಆದರೆ ಪ್ಲಂಬರ್ ಮೇಸ್ತ್ರಿಯ ಮನೆಯಲ್ಲಿ ನಾನು ಗಂಟೆ ಒತ್ತಿ ಕೈ ತೆಗೆಯುವಷ್ಟರಲ್ಲಿ ಬಾಗಿಲು ತೆರೆದಿತ್ತು. "ತಪ್ಪಾಯ್ತು ಮೇಡಂ, ಕಾಯಿಸಿಬಿಟ್ಟೆ" ಎಂದರು. ಕಾಯಿಸುವುದಕ್ಕೆ ಸಮಯವಾದರೂ ಎಲ್ಲಿತ್ತು? ಒಳಗೆ ಕೂರಲು ಒಂದೇ ಕುರ್ಚಿ ಇತ್ತು. ಅದನ್ನು ನನಗೆ ಕೊಟ್ಟು ತಾವು ಉಪಕರಣಗಳ ಪೆಟ್ಟಿಗೆಯ ಮೇಲೆ ಕುಳಿತು, ಒಂದೇ ಕುರ್ಚಿ ಇದ್ದದ್ದಕ್ಕೂ ತಪ್ಪಾಯ್ತು ಅಂದರು.

ನಾನು ಮಾರುವುದು ಸ್ವಂತ ಕೆಲಸಗಾರರ ವಿಮೆ. ಬಡಗಿಗಳು, ಎಲೆಕ್ಟ್ರಿಷಿಯನ್‌ಗಳು, ಬಣ್ಣ ಬಳಿಯುವವರು, ಹೀಗೆ ಮೇಲೆ ಮಾಲೀಕನಿಲ್ಲದೆ, ಕೈಕೆಳಗೆ ಆಳಿಲ್ಲದೆ ದುಡಿಯುವವರೇ ನನ್ನ ಗಿರಾಕಿಗಳು. ಇವರ ಕೆಲಸದಿಂದ ಇನ್ನೊಬ್ಬರ ಮನೆಗೋ ಅಂಗಡಿಗೋ ನಷ್ಟವಾದರೆ ಕಂಪನಿ ಕಟ್ಟಿಕೊಡುತ್ತದೆ. ಮೇಸ್ತ್ರಿಗೆ ಆಗ ಐವತ್ತೇಳು ವರ್ಷ. ಹೆಂಡತಿ ತೀರಿಕೊಂಡು ಮೂರು ವರ್ಷವಾಗಿತ್ತು. ಮಕ್ಕಳಿರಲಿಲ್ಲ. ಅವರ ಆಸ್ತಿ ಎಂದರೆ ಬಿಳಿ ಬಣ್ಣದ ಒಂದು ಮುಚ್ಚಿದ ವ್ಯಾನು. ಅದರೊಳಗೆ ಪೈಪು, ಪಾನಾ, ಕಟ್ಟಿದ ಮೋರಿ ಬಿಡಿಸುವ ಯಂತ್ರ ಎಲ್ಲವನ್ನೂ ದೇವರ ಪಟ ಜೋಡಿಸಿದ ಹಾಗೆ ಜೋಡಿಸಿಟ್ಟಿದ್ದರು. ವ್ಯಾನು ಇದ್ದರೆ ಕೆಲಸ, ಕೆಲಸ ಇದ್ದರೆ ಊಟ. ಇಷ್ಟೇ ಅವರ ಲೆಕ್ಕಾಚಾರ.

ಪಾಲಿಸಿಯಲ್ಲಿ ಏಳನೇ ಷರತ್ತು ಎಂಬುದೊಂದಿದೆ. ಏನಾದರೂ ಅನಾಹುತವಾದರೆ, ಕಂಪನಿಯ ಒಪ್ಪಿಗೆಯಿಲ್ಲದೆ ತಪ್ಪು ತನ್ನದೆಂದು ಯಾರ ಮುಂದೆಯೂ ಒಪ್ಪಿಕೊಳ್ಳಬಾರದು. ಒಪ್ಪಿಕೊಂಡರೆ ಕಂಪನಿ ಕೈ ತೊಳೆದುಕೊಳ್ಳುತ್ತದೆ. ಬೇರೆ ಗಿರಾಕಿಗಳಿಗೆ ಇದನ್ನು ಒಂದು ಸಲ ಹೇಳಿದರೆ ಸಾಕು. ಅವರು ಹೇಗಿದ್ದರೂ ಒಪ್ಪಿಕೊಳ್ಳುವ ಜಾಯಮಾನದವರಲ್ಲ. ಮೇಸ್ತ್ರಿಗೆ ಮಾತ್ರ ಪಾಠ ಮಾಡಬೇಕಾಯಿತು. ನೀರು ಸೋರಿ ಕೆಳಗಿನ ಮನೆಯವರು ಕೂಗಾಡುತ್ತಾ ಬಂದರು ಅಂದುಕೊಳ್ಳಿ, ಏನು ಹೇಳುತ್ತೀರಿ ಎಂದು ಕೇಳಿದೆ. ತಪ್ಪಾಯ್ತು ಅನ್ನುವುದಿಲ್ಲ ಎಂದರು. ಮತ್ತೇನನ್ನುತ್ತೀರಿ ಎಂದೆ. ತುಂಬಾ ಹೊತ್ತು ಯೋಚಿಸಿ, ಏನೂ ಅನ್ನುವುದಿಲ್ಲ ಎಂದರು. ಭೇಷ್ ಎಂದು ಸಹಿ ಹಾಕಿಸಿಕೊಂಡು ಎದ್ದೆ. ನನ್ನ ಛತ್ರಿಯನ್ನು ಅವರು ಎತ್ತಿ ಕೊಡಲು ಹೋದಾಗ ಅದು ಕೈತಪ್ಪಿ ಬಿತ್ತು. ಮೇಸ್ತ್ರಿ ಬಗ್ಗಿ, ಛತ್ರಿಗೆ ತಪ್ಪಾಯ್ತು ಅಂದರು.

ಅವತ್ತಿನಿಂದ ನಾನು ಅವರನ್ನು ತಪ್ಪಾಯ್ತು ಮೇಸ್ತ್ರಿ ಎಂದೇ ಕರೆದೆ. ಅವರೂ ನಗುತ್ತಿದ್ದರು. ವರ್ಷಕ್ಕೊಮ್ಮೆ ಪಾಲಿಸಿ ನವೀಕರಿಸಲು ಹೋಗುತ್ತಿದ್ದೆ, ಅವರ ಮನೆಯ ಚಹಾ ಕುಡಿಯುತ್ತಿದ್ದೆ, ಬಾಯಿಗೆ ಬಂದದ್ದು ಹರಟಿ ಬರುತ್ತಿದ್ದೆ. ಇಡೀ ವರ್ಷದಲ್ಲಿ ಆ ಮನೆಗೆ ಬರುವವಳು ನಾನೊಬ್ಬಳೇ ಎಂಬುದು ನನಗೆ ಹೊಳೆದೇ ಇರಲಿಲ್ಲ.

ನಾಲ್ಕನೇ ವರ್ಷ ಅನಾಹುತ ಆಯಿತು. ಹಳೆಯ ಕಟ್ಟಡ, ಮೊದಲ ಮಹಡಿಯ ಮನೆ, ಬಚ್ಚಲಿನ ಪೈಪು ಬದಲಿಸುವ ಕೆಲಸ. ಮೇಸ್ತ್ರಿಯ ಕ್ರಮವೇ ಬೇರೆ. ಬೆಸುಗೆ ಕೂಡಿಸಿದ ಮೇಲೆ ಅದಕ್ಕೊಂದು ತೆಳು ಕಾಗದ ಸುತ್ತಿ, ನೀರು ಬಿಟ್ಟು, ಮುಂದೆ ಕುಳಿತು ನೋಡುತ್ತಾರೆ. ಕಾಗದ ಕಾಲು ಗಂಟೆ ಒಣಗಿಯೇ ಇದ್ದರೆ ಮಾತ್ರ ಏಳುತ್ತಾರೆ. ಅವತ್ತೂ ಕುಳಿತಿದ್ದರು, ಕಾಗದ ಒಣಗಿಯೇ ಇತ್ತು. ಆದರೂ ಮರುದಿನ ಬೆಳಗ್ಗೆ ಗೋಡೆಯೊಳಗೆ ಎಲ್ಲೋ ಒಡೆದು, ಕೆಳಗಿನ ಹೊಲಿಗೆ ಅಂಗಡಿಗೆ ಮಳೆ ಸುರಿದ ಹಾಗೆ ನೀರು ಸುರಿಯಿತು. ಶಾಲೆ ಶುರುವಾಗಲು ಒಂದು ವಾರ ಇತ್ತು. ಟೈಲರಮ್ಮ ಹೊಲಿದಿಟ್ಟಿದ್ದ ಬಿಳಿ ಅಂಗಿಗಳ ಮೇಲೆಲ್ಲ ನೀಲಿ ಚಡ್ಡಿಗಳ ಬಣ್ಣ ಇಳಿದಿತ್ತು. ಮೂರು ಹೊಲಿಗೆ ಯಂತ್ರಗಳು ಕೆಟ್ಟು ಕೂತಿದ್ದವು.

ಮೇಸ್ತ್ರಿ ಓಡಿ ಬಂದು ನೀರು ನಿಲ್ಲಿಸಿ, ಪ್ಯಾಂಟು ಮಡಚಿಕೊಂಡು ಸಂಜೆಯವರೆಗೂ ಅಂಗಡಿಯ ನೀರು ಬಳಿದರಂತೆ. ಬಳಿಯುತ್ತಾ ಏನಂದಿರಬಹುದು? ನೀವೇ ಊಹಿಸಿ. ಬಕೆಟ್ ತುಂಬಿದರೆ ತಪ್ಪಾಯ್ತು, ಬಕೆಟ್ ಚೆಲ್ಲಿ ಬಂದರೆ ತಪ್ಪಾಯ್ತು. ನಷ್ಟ ನೋಡಲು ಬಂದ ಕಂಪನಿಯ ಸರ್ವೇಯರ್, ಪ್ಲಂಬರ್ ಏನಾದರೂ ಹೇಳಿದನಾ ಎಂದು ಟೈಲರಮ್ಮನನ್ನು ಕೇಳಿದ. ಆಕೆ ಸುಳ್ಳು ಯಾಕೆ ಹೇಳಬೇಕು? ಹೇಳಿದಳು. ಹದಿನೈದು ದಿನಕ್ಕೆ ಕಾಗದ ಬಂತು. ತಪ್ಪು ತಮ್ಮದೆಂದು ವಿಮಾದಾರರು ಸ್ಥಳದಲ್ಲೇ ಪದೇ ಪದೇ ಒಪ್ಪಿಕೊಂಡಿರುವುದರಿಂದ, ಷರತ್ತು ಏಳರ ಪ್ರಕಾರ, ಇತ್ಯಾದಿ.

ನನ್ನ ಪಿತ್ತ ನೆತ್ತಿಗೇರಿತು. ಮೊದಲು ಮೇಸ್ತ್ರಿಯ ಮೇಲೇ ಹರಿಹಾಯ್ದೆ. ಗಿಳಿಗೆ ಹೇಳಿದ ಹಾಗೆ ಹೇಳಿದ್ದೆನಲ್ಲ, ನಿಮ್ಮ ನಾಲಿಗೆಗೆ ಏನಾಗಿತ್ತು, ಇನ್ನು ಮುಂದೆ ಆ ಮಾತು ನನ್ನ ಕಿವಿಗೆ ಬಿದ್ದರೆ ನೋಡಿ ಎಂದು ಕೂಗಾಡಿದೆ. ಅವರು ತಲೆ ತಗ್ಗಿಸಿ ಕೇಳಿಸಿಕೊಂಡರು. ತುಟಿ ಅಲುಗಿತು, ಮಾತು ಹೊರಗೆ ಬರದಂತೆ ತಡೆದುಕೊಂಡರು. ಕಂಪನಿ ಕೊಡದಿದ್ದರೆ ವ್ಯಾನು ಮಾರಿ ಟೈಲರಮ್ಮನಿಗೆ ಕೊಡುತ್ತೇನೆ ಎಂದಷ್ಟೇ ಹೇಳಿದರು. ವ್ಯಾನು ಮಾರಿದ ಮೇಲೆ ನೀವೇನು ಮಾಡುತ್ತೀರಿ ಎಂದು ನಾನು ಕೇಳಲಿಲ್ಲ. ಉತ್ತರ ಇಬ್ಬರಿಗೂ ಗೊತ್ತಿತ್ತು.

ಆಮೇಲೆ ಕಂಪನಿಯ ಕಚೇರಿಗೆ ನುಗ್ಗಿದೆ. ಅಲ್ಲಿನ ಅಧಿಕಾರಿ ಒಳ್ಳೆಯವನೇ, ಆದರೆ ಕಾಗದ ಬಿಟ್ಟರೆ ಅವನಿಗೆ ಬೇರೆ ಪ್ರಪಂಚವಿಲ್ಲ. ಅವನ ಮೇಜಿನ ಮುಂದೆ ನಿಂತು ವ್ಯಾಕರಣ ಪಾಠ ಮಾಡಿದೆ. ತಪ್ಪಾಯ್ತು ಅಂದರೆ ಏನ್ರೀ? ತಪ್ಪು ಆಯಿತು. ಮಳೆ ಆಯಿತು, ಬೆಳಗಾಯಿತು ಅಂದ ಹಾಗೆ. ನಾನು ಮಾಡಿದೆ ಅಂತ ಅದರಲ್ಲಿ ಎಲ್ಲಿದೆ? ಈ ಮನುಷ್ಯ ಕುರ್ಚಿಗೂ ತಪ್ಪಾಯ್ತು ಅನ್ನುತ್ತಾರೆ, ಛತ್ರಿಗೂ ಅನ್ನುತ್ತಾರೆ, ಉಸಿರು ಬಿಟ್ಟ ಹಾಗೆ ಅನ್ನುತ್ತಾರೆ. ಅಧಿಕಾರಿ ಕನ್ನಡಕ ತೆಗೆದು ಒರೆಸಿಕೊಂಡ. ಅದು ಬರೀ ಬಾಯಿಮಾತಿನ ಅಭ್ಯಾಸ ಎಂದಾದರೆ ಸಾಬೀತು ಮಾಡಿ ಎಂದ. ಅವರನ್ನು ಬಲ್ಲ ಇಬ್ಬರು ಬರೆದುಕೊಡಲಿ. ನೆಂಟರಾಗಬಾರದು, ಟೈಲರಮ್ಮ ಆಗಬಾರದು, ಏಜೆಂಟರಾದ ನೀವಂತೂ ಬೇಡವೇ ಬೇಡ. ಹತ್ತು ದಿನ ಸಮಯ ಎಂದ.

ಇಬ್ಬರೇ ತಾನೇ ಎಂದು ನಾನು ಹಿಗ್ಗಿ ಬಂದೆ. ಮೂವತ್ತು ವರ್ಷ ಊರೆಲ್ಲ ನಲ್ಲಿ ರಿಪೇರಿ ಮಾಡಿದವರು, ಇಬ್ಬರೇನು, ಇನ್ನೂರು ಜನ ಸಿಗುತ್ತಾರೆ ಎಂದುಕೊಂಡೆ.

ಮೊದಲನೆಯವನು ಸುಲಭವಾಗಿ ಸಿಕ್ಕ. ಪೈಪಿನ ಅಂಗಡಿಯವನು. "ಈ ಮನುಷ್ಯನಾ? ಚಿಲ್ಲರೆ ಕೊಡೋದ್ರಲ್ಲಿ ನಾನು ತಪ್ಪು ಮಾಡಿದ್ರೂ ಇವರೇ ತಪ್ಪಾಯ್ತು ಅಂತಾರೆ" ಎಂದು ನಕ್ಕು, ಬಿಲ್ಲಿನ ಹಿಂದೆಯೇ ಬರೆದು ಮೊಹರು ಹಾಕಿ ಕೊಟ್ಟ. ಇನ್ನೊಬ್ಬರು ಬೇಕಿತ್ತು. ಮೇಸ್ತ್ರಿಯ ವ್ಯಾನಿನಲ್ಲಿ ಅವರ ಪಕ್ಕ ಕುಳಿತು ಮನೆಮನೆ ಸುತ್ತಲು ಶುರುಮಾಡಿದೆವು.

ಒಂದು ಮನೆಯಲ್ಲಿ ಹತ್ತೊಂಬತ್ತು ವರ್ಷದಿಂದ ಇವರೇ ಕೆಲಸ ಮಾಡಿದ್ದಾರೆ. ಮನೆಯ ಯಜಮಾನ ಬಾಗಿಲಲ್ಲಿ ನಿಂತು ಮೇಸ್ತ್ರಿಯನ್ನು ಮೇಲಿಂದ ಕೆಳಗೆ ನೋಡಿ, ಕೇಬಲ್‌ನವರಾ ಎಂದು ಕೇಳಿದ. ಇನ್ನೊಂದು ಮನೆಯಲ್ಲಿ ಅಡುಗೆಮನೆಯ ನಲ್ಲಿಯನ್ನು ತೋರಿಸಿ, ಆಹಾ, ಎಂಟು ವರ್ಷವಾಯಿತು, ಒಂದು ಹನಿ ಸೋರಿಲ್ಲ ಎಂದು ನಲ್ಲಿಯನ್ನು ಹೊಗಳಿದರು. ಹಾಕಿದವರು ಯಾರು, ಏನು ಮಾತಾಡುತ್ತಿದ್ದರು ಎಂದರೆ ನೆನಪಿಲ್ಲ. ಕೆಲಸದವರು ಬಂದಾಗ ಬಚ್ಚಲು ತೋರಿಸಿ ನಾವು ಟಿವಿ ಮುಂದೆ ಕೂರುತ್ತೇವಲ್ಲ, ಅವರನ್ನು ಯಾರು ನೋಡುತ್ತಾರೆ? ನಾನೂ ಹಾಗೇ ಮಾಡುತ್ತೇನೆ. ಅವರನ್ನು ಬೈಯುವ ಬಾಯಿ ನನಗೂ ಇರಲಿಲ್ಲ.

ಒಬ್ಬಾಕೆ ಮಾತ್ರ, ಅಯ್ಯೋ ಗೊತ್ತಿಲ್ದೆ ಏನು, ನಂಬರ್ ಕೂಡ ಇದೆ ಎಂದು ಫೋನ್ ತೆಗೆದು ನನ್ನ ಕಣ್ಣೆದುರು ಹಿಡಿದಳು. ಮೇಸ್ತ್ರಿಯ ನಂಬರಿನ ಮೇಲೆ "ಪೈಪ್ 2" ಎಂದು ಬರೆದಿತ್ತು. ಅಂದರೆ ಪೈಪ್ ಒಂದು ಇನ್ನೊಬ್ಬ. ಅವನು ಸಿಗದಿದ್ದಾಗ ಇವರು. ಮೇಸ್ತ್ರಿಯೂ ಅದನ್ನು ನೋಡಿದರು. ವ್ಯಾನಿಗೆ ಬಂದು ಕೂತ ಮೇಲೆ ಕೀಲಿ ತಿರುಗಿಸಲು ಹೋಗಿ ಕೈ ಹಿಂತೆಗೆದರು. ಅವಳಿದ್ದಿದ್ದರೆ ಬರೆದುಕೊಡುತ್ತಿದ್ದಳು ಎಂದರು. ಅವಳು ಎಂದರೆ ಹೆಂಡತಿ. ಸತ್ತ ಮೇಲೆ ಯಮನಿಗೂ ತಪ್ಪಾಯ್ತು ಅಂತೀರಾ ಎಂದು ಆಕೆ ಗಂಡನನ್ನು ಗೋಳುಹೊಯ್ದುಕೊಳ್ಳುತ್ತಿದ್ದಳಂತೆ. ನೆಂಟರಾಗಬಾರದು ಎಂದಿದ್ದಾರಲ್ಲ ಎಂದು ನಾನು ದಡ್ಡಿಯ ಹಾಗೆ ಹೇಳಿದೆ.

ಎಂಟು ದಿನ ಕಳೆಯಿತು. ಒಂಬತ್ತನೇ ದಿನ ಮಧ್ಯಾಹ್ನ ಅವರ ಮನೆಯಲ್ಲಿ ನಾನು ಆ ಒಂದೇ ಕುರ್ಚಿಯಲ್ಲಿ ಕೈಚೆಲ್ಲಿ ಕುಳಿತಿದ್ದೆ. ನಾಳೆ ಕಳೆದರೆ ವ್ಯಾನು ಹೋದಂತೆಯೇ. ನೀವು ಯಾರ ಜೊತೆ ಮಾತಾಡುತ್ತೀರಿ ಎಂದು ಕೇಳಿದೆ. ಸ್ನೇಹಿತರು? ಅಕ್ಕಪಕ್ಕದವರು? ದಿನಕ್ಕೊಬ್ಬರಾದರೂ ಬೇಡವೇ? ಅವರು ಪ್ರಾಮಾಣಿಕವಾಗಿ ಬೆರಳೆಣಿಸಲು ಹೋಗಿ ಮೊದಲ ಬೆರಳಿನಲ್ಲೇ ನಿಂತರು. ಎಲ್ಲಿ ಫೋನ್ ಕೊಡಿ ಎಂದು ಕಿತ್ತುಕೊಂಡೆ. ಯಾರಿಗೆ ಹೆಚ್ಚು ಕರೆ ಮಾಡಿದ್ದಾರೆ ನೋಡೋಣ ಎಂದು ಪಟ್ಟಿ ತೆಗೆದೆ.

ಪಟ್ಟಿಯ ತುಂಬ ಒಂದೇ ಹೆಸರು: ಮನೆ. ದಿನ ಬಿಟ್ಟು ದಿನ, ಕೆಲವೊಮ್ಮೆ ದಿನವೂ, ಸಂಜೆ ಆರು ಆರೂಕಾಲಿಗೆ ಮನೆಗೊಂದು ಕರೆ. ಪ್ರತಿಯೊಂದೂ ನಾಲ್ಕೈದು ಸೆಕೆಂಡು. ನಾನು ತಲೆ ಎತ್ತಿ ಸುತ್ತ ನೋಡಿದೆ. ಮನೆಯಲ್ಲಿ ಫೋನ್ ಇಲ್ಲ, ಎತ್ತುವವರೂ ಇಲ್ಲ.

"ಇದು ಯಾರ ನಂಬರು ಮೇಸ್ತ್ರಿ?"

ಅವರ ಮುಖ ಕೆಂಪಾಯಿತು. ಕಳ್ಳತನ ಮಾಡಿ ಸಿಕ್ಕಿಬಿದ್ದವರ ಹಾಗೆ ಅಂಗೈ ಉಜ್ಜಿಕೊಳ್ಳುತ್ತಾ, ತಡೆದು ತಡೆದು ಹೇಳಿದರು. ಕೆಲಸ ಮುಗಿಸಿ ವ್ಯಾನು ಹತ್ತಿದ ಕೂಡಲೇ ಹೆಂಡತಿಗೆ ಫೋನ್ ಮಾಡಿ ಹೊರಟೆ ಎನ್ನುವುದು ಇಪ್ಪತ್ತು ವರ್ಷದ ರೂಢಿ. ಆಕೆ ಹೋದ ಮೇಲೂ ಬೆರಳು ತಾನಾಗಿಯೇ ಅಲ್ಲಿಗೆ ಹೋಗುತ್ತಿತ್ತು. ಮೊದಲೆಲ್ಲ ಈ ನಂಬರು ಬಳಕೆಯಲ್ಲಿಲ್ಲ ಎಂದು ಯಂತ್ರದ ದನಿ ಹೇಳುತ್ತಿತ್ತು. ಅದನ್ನೇ ಕೇಳಿಸಿಕೊಂಡು ಇಡುತ್ತಿದ್ದರು. ಒಂದು ದಿನ ಯಾರೋ ಹೆಂಗಸು ಹಲೋ ಎಂದಳು. ಫೋನ್ ಕಂಪನಿಯವರು ನಂಬರನ್ನು ಬೇರೆ ಯಾರಿಗೋ ಕೊಟ್ಟುಬಿಟ್ಟಿದ್ದರು. ತಪ್ಪಾಯ್ತು ಎಂದು ಇಟ್ಟುಬಿಟ್ಟರು. ಆಮೇಲೂ ಬೆರಳು ಸುಮ್ಮನಿರಲಿಲ್ಲ.

"ಎಷ್ಟು ವರ್ಷದಿಂದ?"

"ನಾಲ್ಕಾಗುತ್ತೆ ಮೇಡಂ."

ನಾನು ಆ ನಂಬರು ಒತ್ತಿ, ದನಿ ಇಬ್ಬರಿಗೂ ಕೇಳುವ ಹಾಗೆ ಪೆಟ್ಟಿಗೆಯ ಮೇಲಿಟ್ಟೆ. ಮೇಸ್ತ್ರಿ ಬೇಡ ಬೇಡ ಎಂದು ಕೈಯಾಡಿಸಿದರು. ಆ ಕಡೆಯಿಂದ ಹೆಂಗಸಿನ ದನಿ ಬಂತು. ಹಲೋ ಎನ್ನಲಿಲ್ಲ. "ಏನಿವತ್ತು ಇಷ್ಟು ಬೇಗ ಕೆಲಸ ಮುಗೀತಾ?" ಎಂದಳು.

ನಾನು ಯಾರೆಂದು ಹೇಳಿ, ನೀರು ಸೋರಿದ್ದು, ಷರತ್ತು, ಕಾಗದ, ಎಲ್ಲವನ್ನೂ ವಿವರಿಸಿದೆ. ಆಕೆ ಆಸ್ಪತ್ರೆಯೊಂದರ ಲಾಂಡ್ರಿಯಲ್ಲಿ ಇಸ್ತ್ರಿ ಮಾಡುವವಳು. ಒಬ್ಬಳೇ ಇರುತ್ತಾಳೆ. ಮೊದಮೊದಲು ಬೈಯುತ್ತಿದ್ದಳಂತೆ. ಬೈಗುಳ ಮುಗಿಯುವ ಮೊದಲೇ ಫೋನ್ ಇಟ್ಟಿರುತ್ತಿದ್ದರಂತೆ. ಒಂದು ಸಲ ವ್ಯಾನು ಶುರುವಾಗುವ ಸದ್ದು ಕೇಳಿ, ಯಾರೋ ಕೆಲಸ ಮುಗಿಸಿ ಹೊರಟವರು ಎಂದು ಗೊತ್ತು ಮಾಡಿಕೊಂಡಳಂತೆ. "ನನ್ನ ಫೋನಲ್ಲಿ ತಪ್ಪಾಯ್ತು ಅಂತಲೇ ಹೆಸರು ಹಾಕ್ಕೊಂಡಿದೀನಿ. ನಂಗೆ ಬೇರೆ ಯಾರು ಫೋನ್ ಮಾಡ್ತಾರೆ ಹೇಳಿ" ಎಂದಳು. ಮೇಸ್ತ್ರಿ ಗೋಡೆಯ ಕಡೆ ತಿರುಗಿ ಕುಳಿತಿದ್ದರು.

ಮರುದಿನ ಬೆಳಗ್ಗೆ ನಾನೇ ಲಾಂಡ್ರಿಗೆ ಹೋಗಿ ಕಾಗದ ತಂದೆ. ದಪ್ಪ ಅಕ್ಷರಗಳಲ್ಲಿ ಐದು ಸಾಲು ಬರೆದಿದ್ದಳು. ಈ ವ್ಯಕ್ತಿಯ ಮುಖವನ್ನು ನಾನು ನೋಡಿಲ್ಲ. ನಾಲ್ಕು ವರ್ಷದಿಂದ ಸಂಜೆ ಹೊತ್ತು ನನಗೆ ಫೋನ್ ಮಾಡಿ ತಪ್ಪಾಯ್ತು ಎಂದು ಹೇಳುತ್ತಾರೆ. ಬೇರೆ ಒಂದು ಮಾತೂ ಆಡಿಲ್ಲ. ಅವರು ನನಗೆ ಯಾವ ತಪ್ಪನ್ನೂ ಮಾಡಿಲ್ಲ. ಇದು ಸತ್ಯ.

ಅಧಿಕಾರಿ ಅದನ್ನು ಎರಡು ಸಲ ಓದಿದ. ಫೋನಿನ ಪಟ್ಟಿಯನ್ನೂ ನೋಡಿದ. ಅಂಗಡಿಯವನ ಕಾಗದದ ಜೊತೆ ಇದನ್ನು ಸೇರಿಸಿ ಟ್ಯಾಗ್ ಹಾಕಿ, ಮೇಲಿನವರಿಗೆ ಕಳಿಸಿದ. ಮೂರು ವಾರಕ್ಕೆ ಕಂಪನಿ ಒಪ್ಪಿತು. ಟೈಲರಮ್ಮನಿಗೆ ಹೊಸ ಯಂತ್ರಗಳು ಬಂದವು. ವ್ಯಾನು ಉಳಿಯಿತು. ನಾನು ಗೆದ್ದೆ ಎಂದು ಮನೆಯಲ್ಲಿ ಬೀಗಿದ್ದೇ ಬೀಗಿದ್ದು. ನಿನ್ನ ಬಾಯಿಗೇ ಒಂದು ಪಾಲಿಸಿ ಮಾಡಿಸಬೇಕು ಎಂದು ನನ್ನ ಗಂಡ ರೇಗಿಸಿದರು.

ತಿಂಗಳು ಕಳೆದ ಮೇಲೆ ಲಾಂಡ್ರಿಯ ಹೆಂಗಸು ನನಗೆ ಫೋನ್ ಮಾಡಿದಳು. ಸುತ್ತಿ ಬಳಸಿ ಮಾತಾಡಿದಳು, ಮಳೆಯ ವಿಷಯ ಹೇಳಿದಳು, ವಿಮೆ ಮಾಡಿಸಬೇಕೆಂದಿದ್ದೇನೆ ಎಂದೂ ಹೇಳಿದಳು. ಕೊನೆಗೆ ನಿಜ ವಿಷಯ ಹೊರಗೆ ಬಂತು.

"ಅವರು ಹುಷಾರಾಗಿದ್ದಾರಾ? ಅವತ್ತಿಂದ ಒಂದು ಫೋನೂ ಇಲ್ಲ. ಆರು ಗಂಟೆ ಆದ್ರೆ ಇಸ್ತ್ರಿಪೆಟ್ಟಿಗೆ ಕೆಳಗಿಟ್ಟು ನೋಡ್ತೀನಿ. ನಂದೇನೂ ಬೇಜಾರಿಲ್ಲ ಅಂತ ಹೇಳ್ತೀರಾ?"

ಹುಷಾರಾಗಿಯೇ ಇದ್ದರು. ಯಾವುದೋ ಹಾಸ್ಟೆಲಿನ ಪಾತ್ರೆ ತೊಳೆಯುವ ತೊಟ್ಟಿಯ ಕೆಳಗೆ ಅಂಗಾತ ಮಲಗಿ ಕೆಲಸ ಮಾಡುತ್ತಿದ್ದರು. ನನ್ನ ಚಪ್ಪಲಿ ನೋಡಿಯೇ ಗುರುತು ಹಿಡಿದು ಹೊರಗೆ ಬಂದರು. ಕಾಯಿಸಿದ್ದಕ್ಕೆ ಏನೋ ಹೇಳಲು ಬಾಯಿ ತೆರೆದು, ಹಾಗೇ ಮುಚ್ಚಿಕೊಂಡರು. ಆ ಮಾತು ಇನ್ನು ನನ್ನ ಕಿವಿಗೆ ಬೀಳಕೂಡದು ಎಂದು ಕೂಗಾಡಿದವಳು ನಾನೇ ಅಲ್ಲವೇ? ಆ ಕ್ಷಣ ನನ್ನ ಮೇಲೆ ನನಗೇ ಅಸಹ್ಯವಾಯಿತು. ಇಸ್ತ್ರಿಯಮ್ಮ ಹೇಳಿದ್ದನ್ನು ಒಂದಕ್ಷರ ಬಿಡದೆ ಅವರಿಗೆ ಹೇಳಿದೆ. ಯಾಕೆ ಫೋನ್ ಮಾಡುತ್ತಿಲ್ಲ ಎಂದು ಕೇಳಿದೆ.

ಅವರು ಬಟ್ಟೆಯ ತುಂಡಿನಿಂದ ಒಂದೊಂದೇ ಬೆರಳು ಒರೆಸಿಕೊಂಡರು.

"ಇಷ್ಟು ವರ್ಷ ತಪ್ಪಿ ಹೋಗ್ತಿತ್ತು ಮೇಡಂ. ಈಗ ನಿಮಗೂ ಗೊತ್ತು, ಅವರಿಗೂ ಗೊತ್ತು, ಕಂಪನಿಗೂ ಗೊತ್ತು. ಇನ್ನು ಮಾಡಿದ್ರೆ ಬೇಕು ಅಂತ ಮಾಡಿದ ಹಾಗಾಗುತ್ತೆ."

"ಬೇಕು ಅಂತಲೇ ಮಾಡಿ. ಬೇಡ ಅಂದೋರು ಯಾರು? ಅವರೇ ಕಾಯ್ತಿದ್ದಾರೆ."

ಮೇಸ್ತ್ರಿ ಬಗ್ಗಿ ತೊಟ್ಟಿಯ ಕೆಳಗಿನ ಪೈಪಿಗೆ ತೆಳು ಕಾಗದ ಸುತ್ತಿದರು.

"ತಪ್ಪಿ ಮಾಡ್ದಾಗ ಹೇಳೋಕೆ ಒಂದು ಮಾತಿತ್ತು" ಎಂದರು. "ಬೇಕು ಅಂತ ಮಾಡಿದ್ರೆ ಏನಂತ ಹೇಳೋದು ಮೇಡಂ?"

ಇಪ್ಪತ್ತೆರಡು ವರ್ಷ ಮಾತು ಮಾರಿಯೇ ಬದುಕಿದವಳು ನಾನು. ಆ ಒದ್ದೆ ನೆಲದ ಮೇಲೆ ಅವರ ಪಕ್ಕದಲ್ಲಿ ಕುಳಿತೆ. ಹೇಳಿಕೊಡಲು ಒಂದು ಮಾತೂ ತೋಚಲಿಲ್ಲ.